ದೋಣಿಮನೆಗೆ ಹೊರಟವರು ಕೆರೆಗೆ ದಶವಂದ ತೆಗೆದಿಡಲಿ

ಮೊನ್ನೆ ಗುಮ್ಮಘಟ್ಟದ ಕಡೆಯ ರೈತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಬೀಜ, ಗೊಬ್ಬರದ ಮಾತು ಮುಗಿದ ಮೇಲೆ ಸಂಕೋಚದಿಂದಲೇ ಇನ್ನೊಂದು ವಿಚಾರ ತೆಗೆದರು. ಮನೆಯ ಮಕ್ಕಳು ಹಟ ಹಿಡಿದಿದ್ದಾರೆ. ಈ ಮಳೆಗಾಲದಲ್ಲಿ ಅಕ್ಕಪಕ್ಕದ ನಾಲ್ಕು ಮನೆಯವರೊಡನೆ ಕೂಡಿ ಕೇರಳಕ್ಕೆ ಹೋಗಿ, ದೋಣಿಮನೆಯಲ್ಲಿ ಒಂದು ರಾತ್ರಿ ಕಳೆದು ಬರಬೇಕಂತೆ. ಯಾವಾಗ ಹೊರಟರೆ ಒಳ್ಳೆಯದು, ಏನೇನು ಎಚ್ಚರಿಕೆ ಬೇಕು ಎಂದು ಕೇಳಿದರು. ಕೊನೆಗೆ, “ಏನ್ಮಾಡೋದು ಸ್ವಾಮಿ, ನಮ್ಮ ಕೆರೇಲಿ ನೀರಿಲ್ಲ. ಪರಸ್ಥಳದ ನೀರನ್ನಾದರೂ ಕಣ್ತುಂಬ ನೋಡಿ ಬರೋಣ ಅಂತ” ಎಂದರು.

ಆ ಕೊನೆಯ ಮಾತು ನಮ್ಮನ್ನು ಬಿಡಲಿಲ್ಲ. ಆದುದರಿಂದ ಈ ವಾರ ಅದೇ ವಿಚಾರವಾಗಿ ರಾಯದುರ್ಗ, ಮಡಕಶಿರಾ ಸೀಮೆಯ ರೈತ ಬಂಧುಗಳಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ರೈತನಿಗೆ ಪ್ರವಾಸವೇಕೆ ಎನ್ನುವವರ ಗುಂಪಿಗೆ ನಾವು ಸೇರಿದವರಲ್ಲ. ವರ್ಷವಿಡೀ ಮುಗಿಲು ನೋಡಿ ಬದುಕುವವನು ನಾಲ್ಕು ದಿನ ನೀರು ನೋಡಿ ಬಂದರೆ ತಪ್ಪೇನಿಲ್ಲ. ಅನಂತಪುರ ಸೀಮೆಯ ವಾರ್ಷಿಕ ಮಳೆ ಸರಾಸರಿ ಸುಮಾರು 550 ಮಿಲಿಮೀಟರ್. ಕೇರಳದ್ದು ಸುಮಾರು 3,000. ಇಷ್ಟು ಅಂತರವಿರುವ ನಾಡನ್ನು ಕಣ್ಣಾರೆ ಕಂಡು ಬರುವುದೂ ಒಂದು ವಿದ್ಯಾಭ್ಯಾಸವೇ. ಆದರೆ ಹೋಗುವವರು ರೈತರ ಕಣ್ಣಿಟ್ಟುಕೊಂಡು ಹೋಗಬೇಕು, ರೈತರ ಲೆಕ್ಕ ಇಟ್ಟುಕೊಂಡು ಹಿಂತಿರುಗಬೇಕು.

ಮೊದಲು ಕಾಲದ ಮಾತು. ಆಲಪ್ಪುಳ ಮತ್ತು ಕುಮರಕಂ ಊರುಗಳ ನಡುವಿನ ವೇಂಬನಾಡು ಸರೋವರಕ್ಕೆ ಸಮುದ್ರದ ಸಂಪರ್ಕವಿದೆ. ಬೇಸಗೆಯಲ್ಲಿ ಉಪ್ಪುನೀರು ಒಳಕ್ಕೆ ಏರುತ್ತದೆ. ಮಳೆಗಾಲ ಬಂದಾಗ ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್, ಮೂವಾಟ್ಟುಪುಳ ಎಂಬ ಐದು ನದಿಗಳು ಹರಿದು ಬಂದು ಉಪ್ಪನ್ನು ಹೊರಕ್ಕೆ ನೂಕುತ್ತವೆ. ಸರೋವರವೂ ಅದರ ದಕ್ಷಿಣದ ಕುಟ್ಟನಾಡೂ ಸಿಹಿನೀರಿನ ಬೀಡಾಗುತ್ತವೆ. ಆ ನಾಡಿನ ಜೀವಾಳವನ್ನು ನೋಡುವವರಿಗೆ ಮಳೆಗಾಲವೇ ತಕ್ಕ ಕಾಲ. ಚಳಿಗಾಲದ ಜನಜಂಗುಳಿ ಆಗ ಇರುವುದಿಲ್ಲ; ದೋಣಿಯ ಬಾಡಿಗೆಯೂ ಇಳಿದಿರುತ್ತದೆ.

ಆದರೆ ಅಲ್ಲಿ ಮಳೆ ಹಿಡಿಯುವ ಜೂನ್, ಜುಲೈ ತಿಂಗಳುಗಳೇ ನಮಗೆ ಬಿತ್ತನೆಯ ಕಾಲ. ಹದ ತಪ್ಪಿದರೆ ವರ್ಷವೇ ತಪ್ಪಿದಂತೆ. ಶೇಂಗಾ ಬಿತ್ತಿದವರು ನಲವತ್ತು, ನಲವತ್ತೈದು ದಿನ ಊರು ಬಿಡಕೂಡದು. ಕುಂಟೆ ಹಾಯಿಸುವುದು, ಕಳೆ ತೆಗೆಯುವುದು, ಕೆಂಪು ಕಂಬಳಿ ಹುಳುವಿನ ಮೇಲೆ ಕಣ್ಣಿಡುವುದು ಎಲ್ಲವೂ ಆಗಲೇ. ಹೂ ಬಿಟ್ಟು ಸೂಜಿ ನೆಲಕ್ಕಿಳಿಯತೊಡಗಿದ ಮೇಲೆ ಹೊಲದಲ್ಲಿ ಕುಂಟೆ ಹೊಡೆಯುವಂತಿಲ್ಲ. ಆ ಬಿಡುವಿನಲ್ಲಿ, ಅಂದರೆ ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ, ನಾಲ್ಕು ದಿನ ಹೋಗಿ ಬರಬಹುದು. ಮಡಕಶಿರಾ ಕಡೆಯ ರೇಷ್ಮೆ ಸಾಕಣೆಯವರು ಒಂದು ಬೆಳೆಯ ಗೂಡು ಮಾರಿ, ಮುಂದಿನ ಚಾಕಿ ತರುವುದರೊಳಗೆ ಹೊರಡಲಿ. ದನಕರು ನೋಡಿಕೊಳ್ಳುವುದಕ್ಕೆ, ಎಲೆಚುಕ್ಕೆ ರೋಗ ಕಂಡರೆ ತಿಳಿಸುವುದಕ್ಕೆ ಮನೆಗೊಬ್ಬರು ಉಳಿಯಲೇಬೇಕು. ಈ ವರ್ಷ ಉಳಿದವರಿಗೆ ಮುಂದಿನ ಸಲ ಮೊದಲ ಅವಕಾಶ ಸಲ್ಲಲಿ.

ಆಲಪ್ಪುಳದ ನೆಹರೂ ಟ್ರೋಫಿ ದೋಣಿಸ್ಪರ್ಧೆಯನ್ನು ನೋಡುವ ಆಸೆಯೂ ಹಲವರಿಗುಂಟು. 1952ರಲ್ಲಿ ಪ್ರಧಾನಿ ನೆಹರೂ ಅಲ್ಲಿಗೆ ಭೇಟಿಯಿತ್ತಾಗ ಆರಂಭವಾದ ಪಂದ್ಯವಿದು. ಆಗಸ್ಟಿನ ಎರಡನೆಯ ಶನಿವಾರ ನಡೆಯುವುದು ಹಳೆಯ ರೂಢಿ. 2024ರಲ್ಲಿ ಅದು ಸೆಪ್ಟೆಂಬರ್ ಕೊನೆಗೂ 2025ರಲ್ಲಿ ಆಗಸ್ಟ್ ಕೊನೆಗೂ ಹೋಯಿತು. ಆದ್ದರಿಂದ ದಿನ ಖಚಿತಪಡಿಸಿಕೊಂಡೇ ಟಿಕೇಟು ತೆಗೆಸತಕ್ಕದ್ದು.

ಇನ್ನು ಎಚ್ಚರಿಕೆಯ ಮಾತು. ನಮ್ಮ ಮಕ್ಕಳಿಗೆ ನೀರಿನ ಆಸೆ ಉಂಟು, ಈಜು ಬಾರದು. ತುಂಬಿದ ಕೆರೆಯನ್ನೇ ಕಾಣದವರು ಈಜನ್ನು ಎಲ್ಲಿ ಕಲಿಯಬೇಕು? 2002ರ ಜುಲೈ 27ರಂದು ಇದೇ ವೇಂಬನಾಡಿನಲ್ಲಿ ಮುಹಮ್ಮದಿಂದ ಕುಮರಕಂಗೆ ಹೊರಟಿದ್ದ ಪ್ರಯಾಣಿಕರ ದೋಣಿ ಮುಳುಗಿ 29 ಜನ ಸತ್ತರು. ನಮ್ಮ ರಾಜ್ಯದಲ್ಲಿಯೇ 2019ರ ಸೆಪ್ಟೆಂಬರ್ 15ರಂದು ಗೋದಾವರಿಯ ಪ್ರವಾಹದಲ್ಲಿ ಕಚ್ಚುಲೂರಿನ ಬಳಿ ಪ್ರವಾಸಿಗಳ ದೋಣಿ ಮಗುಚಿ ಹಲವು ಸಂಸಾರಗಳು ಬರಿದಾದವು. ಹೆದರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ದೋಣಿ ಹತ್ತುವ ಮೊದಲು ಅದರ ಪರವಾನಗಿ, ಎಷ್ಟು ಜನಕ್ಕೆ ಅನುಮತಿ ಎಂಬ ಫಲಕ, ತಲೆಗೊಂದರಂತೆ ಲೈಫ್ ಜಾಕೆಟ್ ಇವು ಮೂರನ್ನೂ ನೋಡಿ. ಒಂದಾದರೂ ಇಲ್ಲದಿದ್ದರೆ ಮುಂಗಡ ಹೋದರೂ ಚಿಂತೆಯಿಲ್ಲ, ಹಿಂದಕ್ಕೆ ಬನ್ನಿ. ನಾವು ಒಮ್ಮೆ ಹೋದಾಗ ಹತ್ತು ಜನಕ್ಕೆ ಆರೇ ಜಾಕೆಟ್ ಇದ್ದವು. ಕೇಳಿದರೆ, “ಮಕ್ಕಳಿಗೆ ಹಾಕಿ, ದೊಡ್ಡವರಿಗೇಕೆ” ಎಂಬ ಉತ್ತರ ಬಂತು. ಇಳಿದು ಬೇರೆ ದೋಣಿ ಹಿಡಿದೆವು. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ನೀರಿಗಿಳಿಯುವ ಮಾತೇ ಬೇಡ. ಕಾಲು ಒಡೆದಿದ್ದವರು ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆಯಬಾರದು; ಮಳೆಗಾಲದಲ್ಲಿ ಅಲ್ಲಿ ಇಲಿಜ್ವರದ ಭಯವುಂಟು.

ದೋಣಿಮನೆ ಸಾಮಾನ್ಯವಾಗಿ ಮಧ್ಯಾಹ್ನ ಹೊರಟು, ಸಂಜೆಗೆ ದಡದ ಬಳಿ ಕಟ್ಟಿ ನಿಲ್ಲುತ್ತದೆ. ರಾತ್ರಿ ಸರೋವರ ಬಲೆ ಹಾಕುವ ಬೆಸ್ತರದು. ಒಂದು ರಾತ್ರಿಯ ಬಾಡಿಗೆಯನ್ನೂ ಕೊಡಲಾಗದವರಿಗೆ ಇನ್ನೊಂದು ದಾರಿಯಿದೆ. ಕೇರಳ ಸರಕಾರದ ಜಲಸಾರಿಗೆ ಇಲಾಖೆಯ ಪ್ರಯಾಣಿಕರ ದೋಣಿಗಳು ಆಲಪ್ಪುಳದಿಂದ ಕುಟ್ಟನಾಡಿನ ಹಳ್ಳಿಹಳ್ಳಿಗೂ ಓಡಾಡುತ್ತವೆ. ಬಸ್ಸಿನ ಟಿಕೇಟಿನಷ್ಟೇ ಅಗ್ಗ. ಶಾಲೆಯ ಮಕ್ಕಳು, ಮೇವಿನ ಹೊರೆ ಹೊತ್ತವರು ಅದರಲ್ಲೇ ಬರುತ್ತಾರೆ. ರೈತರಿಗೆ ರೈತರ ಪರಿಚಯವಾಗುವುದು ಅಲ್ಲಿಯೇ.

ಹೋದವರು ನೋಡಬೇಕಾದುದೇನು? ದೋಣಿಮನೆಯೇ ಮೊದಲ ಪಾಠ. ಅದರ ಮೂಲ ಹೆಸರು ಕೆಟ್ಟುವಳ್ಳಂ, ಅಂದರೆ ಕಟ್ಟಿದ ದೋಣಿ. ಮೊಳೆಯಿಲ್ಲದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ, ಭತ್ತ ಸಾಗಿಸುವ ದೋಣಿ ಅದು. ರಸ್ತೆ, ಲಾರಿ ಬಂದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದವು. ಈಚಿನ ಕೆಲವು ದಶಕಗಳಲ್ಲಿ ಪ್ರವಾಸಿಗಳ ಮನೆಯಾದವು. ಹಾಸಿಗೆ ಹಾಕಿರುವುದು ಭತ್ತದ ಚೀಲಗಳ ಜಾಗದಲ್ಲಿ ಎಂಬುದನ್ನು ಮಕ್ಕಳಿಗೆ ಹೇಳಿ.

ಎರಡನೆಯದು ಹೊಲ. ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಸುಮಾರು ಎರಡು ಮೀಟರಿನ ತನಕ ತಗ್ಗಿನಲ್ಲಿವೆ. ನಾವು ನೀರನ್ನು ಎಂಟುನೂರು, ಸಾವಿರ ಅಡಿ ಆಳದಿಂದ ಮೇಲೆತ್ತಿ ಹೊಲಕ್ಕೆ ಬಿಡುತ್ತೇವೆ. ಅವರು ಹೊಲದೊಳಗಿನ ನೀರನ್ನು ಮೇಲೆತ್ತಿ ಹೊರಕ್ಕೆ ಚೆಲ್ಲಿ ಬೆಳೆಯುತ್ತಾರೆ. ಮಳೆಗಾಲದಲ್ಲಿ ಬಹುಪಾಲು ಗದ್ದೆ ಮುಳುಗಿಯೇ ಇರುತ್ತದೆ. ಆ ಮುಳುಗಡೆಯಿಂದ ಮಣ್ಣಿನ ಉಪ್ಪು, ಹುಳಿ ತೊಳೆದು ಹೋಗುತ್ತದೆ. ಮಳೆ ಕಳೆದ ಮೇಲೆ ನೀರೆತ್ತಿ, ಅಕ್ಟೋಬರ್, ನವೆಂಬರಿನಲ್ಲಿ ಪುಂಜ ಬೆಳೆ ಬಿತ್ತುತ್ತಾರೆ. ಈ ಪದ್ಧತಿಯನ್ನು 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮನ್ನಿಸಿತು. ಅಲ್ಲಿನ ಮಂಗೊಂಬಿನಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ. ಕೇರಳದಲ್ಲಿ ಹೆಸರಾದ ‘ಉಮಾ’ ತಳಿ ಅಲ್ಲಿಯದು.

ಮೂರನೆಯದೇ ಮುಖ್ಯ. ಅಲ್ಲಿ ಒಬ್ಬನೇ ರೈತ ತನ್ನ ಗದ್ದೆಯನ್ನು ಒಣಗಿಸಲಾರ. ಒಂದೇ ಏರಿಯೊಳಗಿನ ಗದ್ದೆಗಳೆಲ್ಲ ಸೇರಿ ಒಂದು ‘ಪಾಡಶೇಖರ’. ಅದರ ಸಮಿತಿ ಏರಿ ಕಾಯುತ್ತದೆ, ಪಂಪು ಹೂಡುತ್ತದೆ, ಬಿತ್ತನೆಯ ದಿನ ಗೊತ್ತುಮಾಡುತ್ತದೆ. ಏರಿ ಒಂದು ಕಡೆ ಒಡೆದರೆ ಬಡವ, ಬಲ್ಲಿದರೆನ್ನದೆ ಎಲ್ಲರ ಬೆಳೆಯೂ ನೀರುಪಾಲು. ಆದ್ದರಿಂದ ಜಗಳವಿದ್ದರೂ ಏರಿಯ ಕೆಲಸಕ್ಕೆ ಎಲ್ಲರೂ ಬರಲೇಬೇಕು.

ಕುಟ್ಟನಾಡಿನಲ್ಲಿ ಎಲ್ಲವೂ ಸೊಗಸೆಂದು ಭ್ರಮಿಸಬೇಕಾಗಿಲ್ಲ. ಉಪ್ಪುನೀರು ತಡೆಯಲೆಂದು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂನಲ್ಲಿ ಅಡ್ಡಕಟ್ಟೆ ಕಟ್ಟಿದರು. ಭತ್ತಕ್ಕೆ ಅನುಕೂಲವಾಯಿತು, ಆದರೆ ನೀರಿನ ಹರಿವು ತಗ್ಗಿ ಅಂತರಗಂಗೆ ಹಬ್ಬಿತು, ಮೀನು ಕಡಮೆಯಾಯಿತು. ದೋಣಿಮನೆಗಳು ಮಿತಿಮೀರಿ ಅವುಗಳ ಎಣ್ಣೆ, ಕೊಳಕು ಸರೋವರಕ್ಕೆ ಸೇರುತ್ತಿದೆ. ಸುತ್ತಲೂ ನೀರಿದ್ದು ಕುಡಿಯುವ ನೀರಿಗೆ ಪರದಾಡುವ ಊರುಗಳು ಅಲ್ಲಿವೆ. 2018ರ ಆಗಸ್ಟ್ ಪ್ರವಾಹದಲ್ಲಿ ಕುಟ್ಟನಾಡಿನ ಜನ ಮನೆಮಠ ಬಿಟ್ಟು ಹೊರಬರಬೇಕಾಯಿತು. ನೀರಿಲ್ಲದ ಕಷ್ಟ ನಮ್ಮದಾದರೆ ನೀರಿನ ಕಷ್ಟ ಅವರದು. ನಾವು ಹೋದಾಗ ಒಂದು ಪ್ಲಾಸ್ಟಿಕ್ ಚೀಲವನ್ನೂ ನೀರಿಗೆಸೆಯದಿರುವುದು ಅತಿಥಿಧರ್ಮ.

ಅಷ್ಟು ದೂರ ಹೋಗಲಾರದವರು ಅಂಕಸಮುದ್ರಕ್ಕೆ ಹೋಗಿ ಬನ್ನಿ. ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕಾಗಿತ್ತು; ಹಗರಿಬೊಮ್ಮನಹಳ್ಳಿ ನಮಗೆ ಪರಸ್ಥಳವಲ್ಲ. ಅಲ್ಲಿನ ಅಂಕಸಮುದ್ರ, ನೀರಾವರಿಗೆಂದು ಹಿಂದಿನವರು ಕಟ್ಟಿದ ಸುಮಾರು 98 ಹೆಕ್ಟೇರಿನ ಹಳ್ಳಿಯ ಕೆರೆ. ಕೆರೆಯಂಗಳದ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲೆಗಳ ಪಟ್ಟಿಗೆ ಸೇರಿತು. ದೋಣಿಮನೆ ಅಲ್ಲಿಲ್ಲ. ಆದರೆ ಹಳ್ಳಿಯ ಕೆರೆಯೂ ಎಂಥ ಮಾನಕ್ಕೆ ಏರಬಹುದೆಂಬುದಕ್ಕೆ ಸಾಕ್ಷಿ ಅಲ್ಲಿದೆ.

ಈಗ ನಮ್ಮ ಕೆರೆಗಳ ಮಾತಿಗೆ ಬರೋಣ. ರಾಯದುರ್ಗ ಇಂದು ಅನಂತಪುರ ಜಿಲ್ಲೆಯಲ್ಲಿದೆ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಎರಡಾದರೂ ಕೆರೆಗಳ ಪಾಡು ಒಂದೇ. ಕಣೇಕಲ್ಲಿನ ದೊಡ್ಡ ಕೆರೆಗೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ಆಸರೆಯಿದೆ. ಅಂಥ ಭಾಗ್ಯವಿಲ್ಲದ ಹಳ್ಳಿಗಳ ಕೆರೆಗೆ ಮುಗಿಲೇ ದಿಕ್ಕು. 1933ರ ನಂತರ ಮೊದಲ ಸಲ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ವೇದಾವತಿ ತುಂಬಿ ಹರಿದು ಭೈರವಾನಿ ತಿಪ್ಪದ ಜಲಾಶಯದ ಬಾಗಿಲು ತೆರೆಯಬೇಕಾಯಿತು. ಆ ವರ್ಷದಂಥ ಮಳೆಯಲ್ಲಿಯೂ ಅರೆ ತುಂಬಿದ ಕೆರೆಗಳನ್ನು ನಾವು ಕಂಡಿದ್ದೇವೆ. ನೀರು ತರುವ ಹಳ್ಳಕಾಲುವೆಯನ್ನು ಹೊಲದವರು ಉತ್ತುಕೊಂಡಿದ್ದಾರೆ. ಅಂಗಳದ ತುಂಬ ಬಳ್ಳಾರಿ ಜಾಲಿ. ತೂಬು ಹೂಳಿನಲ್ಲಿ ಹುದುಗಿದೆ. ಮುಗಿಲು ಕೊಟ್ಟರೂ ಹಿಡಿದಿಡುವ ಪಾತ್ರೆ ನಮ್ಮಲ್ಲಿಲ್ಲ.

ಹಿಂದೆ ನಮ್ಮ ಸೀಮೆಯಲ್ಲಿ ದಶವಂದವೆಂಬ ಏರ್ಪಾಡಿತ್ತು. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಹತ್ತರಲ್ಲೊಂದು ಎಂಬುದೇ ಆ ಹೆಸರಿನ ಅರ್ಥ. ಕಲ್ಲಿನ ಶಾಸನಗಳಲ್ಲಿ ಉಳಿದಿರುವ ಆ ಮಾತನ್ನು ಮತ್ತೆ ಬಳಕೆಗೆ ತರೋಣವೆಂಬುದೇ ನಮ್ಮ ಸಲಹೆ. ಪ್ರವಾಸಕ್ಕೆ ಹೊರಡುವ ಪ್ರತಿಯೊಂದು ಮನೆಯೂ ಖರ್ಚಿನ ಹತ್ತರಲ್ಲೊಂದು ಪಾಲನ್ನು ಊರಿನ ಕೆರೆಗೆ ತೆಗೆದಿಡಲಿ. ಐದು ಮನೆಯವರು ತಲಾ ಇಪ್ಪತ್ತು ಸಾವಿರ ಖರ್ಚು ಮಾಡಿದರೆ ಒಂದು ಲಕ್ಷ. ದಶವಂದ ಹತ್ತು ಸಾವಿರ. ಒಂದು ದಿನದ ಜೆ.ಸಿ.ಬಿ. ಬಾಡಿಗೆಗೆ ಅದು ಸಾಕು. ಒಂದು ದಿನದಲ್ಲಿ ಕೆರೆಯ ಹೂಳು ತೆಗೆಯಲಾಗದು, ನಿಜ. ಮುಚ್ಚಿಹೋದ ಕಾಲುವೆಯ ಬಾಯನ್ನು ಬಿಡಿಸಬಹುದು. ನೀರು ಒಳಗೆ ಬರುವುದು ಅಲ್ಲಿಂದಲೇ.

ಇದೆಲ್ಲ ಸರಕಾರದ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ಹೌದು, ಸರಕಾರದ್ದೂ ಹೌದು. ದೊಡ್ಡ ಕಾಮಗಾರಿಗೆ ಅರ್ಜಿ ಹಾಕೋಣ, ಒತ್ತಾಯವನ್ನೂ ಮಾಡೋಣ. ಆದರೆ 1997ರ ಕಾಯಿದೆಯಲ್ಲೇ ಆಂಧ್ರದ ಕೆರೆ, ಕಾಲುವೆಗಳ ನಿರ್ವಹಣೆಗೆ ನೀರು ಬಳಕೆದಾರರ ಸಂಘಗಳನ್ನು ಏರ್ಪಡಿಸಿ, ರೈತರಿಗೇ ಹೊಣೆಯನ್ನು ಒಪ್ಪಿಸಲಾಗಿದೆ. ಒತ್ತುವರಿ ಬಿಡಿಸುವ ಮಾತು ಬಂದಾಗ ಕಾಲುವೆ ಉತ್ತವನು ನಮ್ಮ ಅಣ್ಣನೋ ಭಾವನೋ ಆಗಿರುತ್ತಾನೆ. ಅಲ್ಲಿ ಬೇಕಾದದ್ದು ಸರಕಾರದ ಹಣವಲ್ಲ, ನಮ್ಮ ಬಾಯಿಯ ಧೈರ್ಯ. ಜಗಳವಿದ್ದರೂ ಏರಿಗೆ ಬರುವ ಕುಟ್ಟನಾಡಿನವರನ್ನು ನೋಡಿ ಬಂದವರಿಗೆ ಅಷ್ಟಾದರೂ ಧೈರ್ಯ ಬರಬೇಡವೇ?

ಗುಮ್ಮಘಟ್ಟದ ಆ ಹಿರಿಯರಿಗೆ ನಾವು ಇದನ್ನೇ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹತ್ತರಲ್ಲೊಂದು ಕೊಡಬಹುದು ಸ್ವಾಮಿ. ಕಾಲುವೆ ಉತ್ತವರಲ್ಲಿ ನಾನೂ ಒಬ್ಬ. ಮೊದಲು ಅದನ್ನು ಬಿಡ್ತೀನಿ” ಎಂದರು. ಅವರ ಪ್ರವಾಸ ಸುಖವಾಗಲಿ. ಅವರು ಹಿಂತಿರುಗಿದ ಮೇಲೆ ಬರುವ ಮಳೆಗೆ ಅವರ ಊರ ಕೆರೆಗೆ ಮೊಣಕಾಲುದ್ದ ನೀರಾದರೂ ಬರಲಿ.