ತಟ್ಟೆ ನೋಡಬೇಡಿ, ತಲೆಬಿಸಿ ಕೇಳಿ

ಇಂಟರ್ನಲ್ಸ್ ವಾರ ಯಾವ ಹಾಸ್ಟೆಲ್ಲಿಗೆ ಬೇಕಾದರೂ ಹೋಗಿ ನೋಡಿ. ಒಬ್ಬ ಎರಡು ದಿನದಿಂದ ಬರೀ ಕಾಫಿ ಮೇಲೆ ಬದುಕಿರ್ತಾನೆ. ಇನ್ನೊಬ್ಬಳು ಅನ್ನ ಕಲಸಿ ಕಲಸಿ ಹಾಗೇ ಬಿಟ್ಟು ಎದ್ದು ಹೋಗ್ತಾಳೆ. ಮತ್ತೊಬ್ಬ ರಾತ್ರಿ ಎರಡು ಗಂಟೆಗೆ ಮೂರು ಪ್ಯಾಕೆಟ್ ಮ್ಯಾಗಿ ಒಂದೇ ಸಲಕ್ಕೆ ಮುಗಿಸಿ, ಬೆಳಿಗ್ಗೆ ಯಾರ ಮುಖವನ್ನೂ ನೋಡಲ್ಲ. "ಎಕ್ಸಾಮ್ ಟೆನ್ಷನ್ ಬಿಡೋ, ಮುಗಿದ ಮೇಲೆ ಸರಿಹೋಗುತ್ತೆ" ಅಂತೀವಿ. ಬಹಳ ಜನಕ್ಕೆ ಸರಿಹೋಗುತ್ತೆ ಕೂಡ. ಕೆಲವರಿಗೆ ಹೋಗಲ್ಲ. ಅಂಥವರನ್ನು ನಾವು ಗುರುತಿಸೋದು ಬಿಟ್ಟು ಒಂದೋ ಗೇಲಿ ಮಾಡ್ತೀವಿ, ಇಲ್ಲ ಹೊಗಳ್ತೀವಿ. ನನ್ನ ತಕರಾರು ಇರೋದು ಇಲ್ಲೇ.

ಒತ್ತಡಕ್ಕೂ ಹಸಿವಿಗೂ ನೇರ ಸಂಬಂಧ ಇದೆ. ವೈವಾಗೆ ಐದು ನಿಮಿಷ ಇದೆ ಅಂದಾಗ ಅಡ್ರಿನಲಿನ್ ಏರಿ ಹಸಿವು ಸತ್ತೇ ಹೋಗುತ್ತೆ. ಅದೇ ಒತ್ತಡ ವಾರಗಟ್ಟಲೆ ಎಳೆದರೆ ಕಾರ್ಟಿಸಾಲ್ ಕೆಲಸ ಶುರುಮಾಡುತ್ತೆ. ಸಿಹಿ, ಕರಿದ ತಿಂಡಿ ಬೇಕು ಬೇಕು ಅನ್ನಿಸುತ್ತೆ. ಇಷ್ಟು ಎಲ್ಲರಿಗೂ ಆಗೋದೇ. ತೊಂದರೆ ಶುರುವಾಗೋದು ಆತಂಕ ತಗ್ಗಿಸೋಕೆ ಊಟವನ್ನೇ ಸಾಧನ ಮಾಡಿಕೊಂಡಾಗ. ರಿಸಲ್ಟ್, ಪ್ಲೇಸ್‌ಮೆಂಟ್, ಮನೆಯ ಎಜುಕೇಶನ್ ಲೋನ್ ಯಾವುದೂ ನಮ್ಮ ಹಿಡಿತದಲ್ಲಿಲ್ಲ. ತಟ್ಟೆ ಮಾತ್ರ ಇದೆ. ಒಂದು ಹೊತ್ತು ಬಿಟ್ಟಾಗ "ಇದಾದರೂ ನನ್ನ ಕೈಲಿದೆ" ಅನ್ನೋ ಸಣ್ಣ ಸಮಾಧಾನ ಸಿಗುತ್ತೆ. ಕೆಲವರಿಗೆ ಅದೇ ಸಮಾಧಾನ ಲೆಕ್ಕವಿಲ್ಲದೆ ತಿನ್ನೋದರಲ್ಲಿ ಸಿಗುತ್ತೆ. ಆಮೇಲೆ ನಾಚಿಕೆ. ಅದನ್ನು ತೀರಿಸೋಕೆ ಉಪವಾಸ, ವಾಂತಿ, ಇಲ್ಲ ಜಿಮ್‌ನಲ್ಲಿ ಮೂರು ಗಂಟೆ. ಅನೊರೆಕ್ಸಿಯಾ, ಬುಲಿಮಿಯಾ, ಬಿಂಜ್ ಈಟಿಂಗ್ ಅಂತ ವೈದ್ಯರು ಹೆಸರಿಟ್ಟಿರೋ ಕಾಯಿಲೆಗಳು ಬಹಳ ಸಲ ಹೀಗೇ ಬೇರುಬಿಡುತ್ತವೆ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಥಟ್ಟನೆ ಹೊಳೆಯುತ್ತೆ. ಯಾಕಂದ್ರೆ ಹಸಿದ ಮೆದುಳು ಇನ್ನಷ್ಟು ಆತಂಕಪಡುತ್ತೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಯುವಕರ ಊಟವನ್ನು ಆರು ತಿಂಗಳು ಸುಮಾರು ಅರ್ಧಕ್ಕೆ ಇಳಿಸಿದ್ದರು. ದೇಹ, ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಆರಿಸಿದ್ದು. ಕೆಲವೇ ತಿಂಗಳಲ್ಲಿ ಅವರು ಸಿಡುಕರಾದರು, ಖಿನ್ನರಾದರು, ಊಟದ ಯೋಚನೆ ಬಿಟ್ಟು ಬೇರೇನೂ ತಲೆಗೆ ಹೋಗದಂತಾದರು. ಅಂದರೆ ಇದು ಮನೋಬಲದ ಪ್ರಶ್ನೆ ಅಲ್ಲ. ಇನ್ನೊಂದು ದಿಕ್ಕಿನಿಂದಲೂ ನೋಡಿ. ಈಟಿಂಗ್ ಡಿಸಾರ್ಡರ್ ಇದ್ದ 672 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಆತಂಕದ ಕಾಯಿಲೆಯೂ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಆತಂಕ ಬಂದದ್ದು ಮೊದಲು, ಊಟದ ತೊಂದರೆ ಆಮೇಲೆ.

ಈಗ ನಮ್ಮ ಮಾತುಗಳನ್ನು ಕೇಳಿಸಿಕೊಳ್ಳಿ. ರಜೆ ಮುಗಿಸಿ ಬಂದವನಿಗೆ ಮೊದಲ ಸ್ವಾಗತ: "ಏನ್ ಮಗಾ, ಡ್ರಮ್ ಆಗಿದ್ಯಲ್ಲೋ!" ಊಟ ಬಿಟ್ಟು ಸಣ್ಣಗಾದವಳಿಗೆ: "ಸಖತ್ತಾಗಿ ಕಾಣ್ತಿದ್ಯ ಕಣೇ, ಏನು ಸೀಕ್ರೆಟ್?" ಊಟ ಮರೆತು ಕೋಡ್ ಮಾಡೋನಿಗೆ: "ಡೆಡಿಕೇಶನ್ ಅಂದ್ರೆ ಇದು ಗುರು!" ಕಾಯಿಲೆಗೆ ನಾವೇ ಚಪ್ಪಾಳೆ ಹೊಡೀತಾ ಇರ್ತೀವಿ. ಇದು ಹುಡುಗಿಯರ ಸಮಸ್ಯೆ ಅನ್ನೋದೂ ತಪ್ಪು. ಬಲ್ಕಿಂಗ್, ಕಟಿಂಗ್ ಅಂತ ಒಂದೊಂದು ಮೊಟ್ಟೆಗೂ ಲೆಕ್ಕ ಇಟ್ಟು ನಿದ್ದೆಗೆಡೋ ಹುಡುಗರೂ ಇದ್ದಾರೆ. ತೂಕ ನೋಡಿ ಹೇಳೋಕೂ ಆಗಲ್ಲ; ಬುಲಿಮಿಯಾ ಇರೋರು ಎಲ್ಲರ ಹಾಗೇ ಕಾಣಬಹುದು.

"ಒಂದು ಊಟ ಬಿಟ್ಟರೂ ಕಾಯಿಲೆನಾ?" ಅಂತ ನೀವು ಕೇಳಬಹುದು. ಖಂಡಿತ ಅಲ್ಲ. ಏಕಾದಶಿ ಉಪವಾಸ ಮಾಡಿದ ಅಜ್ಜಿ ದ್ವಾದಶಿ ಬೆಳಿಗ್ಗೆ ಖುಷಿಯಾಗಿ ಊಟ ಮಾಡ್ತಾರೆ. ಗಮನಿಸಬೇಕಾದದ್ದು ಬೇರೆ: ತಿನ್ನೋಕೆ ಭಯ, ತಿಂದದ್ದಕ್ಕೆ ನಾಚಿಕೆ, ಬಚ್ಚಿಡೋದು, ಪರೀಕ್ಷೆ ಮುಗಿದರೂ ಅದು ಮುಗಿಯದೇ ಇರೋದು.

ಹಾಗಿದ್ದರೆ ಮಾಡೋದೇನು? "ತಿನ್ನೋ, ನಖರಾ ಮಾಡ್ಬೇಡ" ಅನ್ನೋದರಿಂದ ಏನೂ ಆಗಲ್ಲ. ತೂಕದ ಮಾತು, ತಟ್ಟೆಯ ಮಾತು ಎರಡನ್ನೂ ಬಿಟ್ಟು "ಈಚೆಗೆ ತಲೇಲಿ ಏನು ಓಡ್ತಿದೆ?" ಅಂತ ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಪದೇ ಪದೇ ವಾಂತಿ, ತಲೆಸುತ್ತು ಕಂಡರೆ ಮಾತ್ರ ಕಾಯಬೇಡಿ, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ವಾಂತಿಯಿಂದ ದೇಹದ ಪೊಟ್ಯಾಸಿಯಂ ಇಳಿದರೆ ಎದೆಬಡಿತವೇ ತಪ್ಪಬಹುದು. ಮಾತಾಡೋಕೆ ಯಾರೂ ಇಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು; ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದರ ಮುಂದಾಳತ್ವ ನಮ್ಮ ನಿಮ್ಹಾನ್ಸ್‌ದು, ತಂತ್ರಜ್ಞಾನದ ನೆರವು ಐಐಐಟಿ ಬೆಂಗಳೂರಿನದು.

ಆದರೆ ಎಲ್ಲವನ್ನೂ ಗೆಳೆಯರ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಮೆಸ್ಸಿನಲ್ಲಿ ತಿಂಡಿ ಬರೋ ಹೊತ್ತಿಗೇ ಮೊದಲ ಕ್ಲಾಸ್ ಇಟ್ಟು, ಮಧ್ಯಾಹ್ನದ ಬ್ರೇಕನ್ನು ಲ್ಯಾಬ್ ನುಂಗಿದರೆ ಊಟ ಬಿಡೋದನ್ನು ಟೈಮ್‌ಟೇಬಲ್ಲೇ ಕಲಿಸಿದಂತೆ. ಹೇಳಿದ್ದು ಎಚ್‌ಓಡಿ ಕಿವಿಗೆ ಹೋಗುತ್ತೆ ಅನ್ನೋ ಅನುಮಾನ ಇದ್ದರೆ ಕೌನ್ಸೆಲರ್ ಬಾಗಿಲು ಯಾರೂ ತಟ್ಟಲ್ಲ. ಕ್ಲಾಸಿಗೆ ಮುಂಚೆ ನೆಮ್ಮದಿಯ ಅರ್ಧ ಗಂಟೆ, ಗುಟ್ಟು ಕಾಯೋ ಒಬ್ಬ ಕೌನ್ಸೆಲರ್: ಇವೆರಡನ್ನೂ ಕೇಳೋ ಹಕ್ಕು ನಮಗಿದೆ. ಮುಂದಿನ ಮೆಸ್ ಕಮಿಟಿ ಮೀಟಿಂಗಿನಲ್ಲಿ ಸಾಂಬಾರ್ ನೀರಾಗಿದೆ ಅನ್ನೋ ದೂರಿನ ಜೊತೆ ಇದನ್ನೂ ಸೇರಿಸೋಣ.