ಕೇಳದೆ ಬಿಟ್ಟ ಪರೀಕ್ಷೆ

ನ್ಯುಮೋನಿಯಾದಿಂದಲೋ ರಕ್ತಕ್ಕೇರಿದ ನಂಜಿನಿಂದಲೋ ಆಸ್ಪತ್ರೆ ಸೇರಿದ ತರುಣನಿಗೆ ಔಷಧವಿತ್ತು, ಜ್ವರವಿಳಿದೊಡನೆ ಮನೆಗೆ ಕಳುಹುವರು. ದೃಢಕಾಯನಿಗೆ ಸೋಂಕು ಇಷ್ಟು ಉಗ್ರವಾಗಿ ತಗಲಿದ್ದೇಕೆಂಬ ಪ್ರಶ್ನೆಯು ಎಷ್ಟೋ ಸಾರಿ ಏಳುವುದೇ ಇಲ್ಲ. ನ್ಯುಮೊಕಾಕಸ್, ಸಾಲ್ಮೊನೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ರಕ್ತವನ್ನು ಹೊಗುವುದು ಎಚ್.ಐ.ವಿ. ಪೀಡಿತರಲ್ಲಿ ಇತರರಿಗಿಂತ ಬಹಳ ಹೆಚ್ಚು. ಅಂಥವರಲ್ಲಿ ವರ್ಷದೊಳಗೆ ಮರುಕಳಿಸಿದ ನ್ಯುಮೋನಿಯಾವನ್ನು ಅಮೆರಿಕದ ಆರೋಗ್ಯಾಧಿಕಾರಿಗಳು 1993ರಿಂದಲೇ ಏಡ್ಸ್ ಎಂದು ಗಣಿಸಿದ್ದಾರೆ.

ನಮ್ಮಲ್ಲಿ ಕ್ಷಯರೋಗಿಗಳಿಗೆ ಈ ಪರೀಕ್ಷೆ ಮಾಡುವ ಪದ್ಧತಿಯು ನೆಲೆಗೊಂಡಿದೆ. ಕ್ಷಯವೂ ಬ್ಯಾಕ್ಟೀರಿಯಾದಿಂದ ಬರುವ ರೋಗವೇ ಅಲ್ಲವೆ? ಶಸ್ತ್ರಕ್ರಿಯೆಗೆ ಮುನ್ನ ತಮ್ಮ ರಕ್ಷಣೆಗೆಂದು ಪರೀಕ್ಷೆಯನ್ನು ನೆನೆಯುವ ಆಸ್ಪತ್ರೆಗಳು, ರೋಗಿಯ ರಕ್ಷಣೆಗೆಂದು ನೆನೆಯದಿರುವುದು ಸೋಜಿಗವೇ ಸರಿ! ಸರಕಾರವು 2004ರಿಂದ ಔಷಧವನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ, ದೇಹಶಕ್ತಿ ಕುಂದುವವರೆಗೆ ಕಾಯದೆ, ಸೋಂಕು ಗೊತ್ತಾದವರಿಗೆಲ್ಲ ಕೊಡುವ ನೀತಿಯಿದೆ. ಗೊತ್ತಾಗದವನಿಗೆ ಇದರಿಂದೇನು ಫಲ?

ಬಲಾತ್ಕಾರವನ್ನು ನಾವು ಬೇಡುತ್ತಿಲ್ಲ. ರೋಗಿಯು ತಿಳಿದು ಒಪ್ಪದೆ ಪರೀಕ್ಷಿಸಕೂಡದೆಂದು 2017ರ ಕಾಯಿದೆಯು ವಿಧಿಸಿರುವುದು ನ್ಯಾಯವಾಗಿದೆ. ಆದರೆ ಒಪ್ಪಿಗೆ ಕೇಳುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ಉಗ್ರ ಸೋಂಕಿನಿಂದ ಬಂದ ಪ್ರತಿಯೊಬ್ಬ ವಯಸ್ಕನನ್ನೂ, ಗುಟ್ಟು ಕಾಯ್ದು, ಮನೆಗೆ ಮರಳುವ ಮೊದಲೇ ಕೇಳತಕ್ಕದ್ದೆಂದು ವೈದ್ಯಾಧಿಕಾರಿಗಳು ಆಜ್ಞಾಪಿಸಬೇಕು.