ಆಟಕ್ಕೆ ಮೊದಲಿನ ಇಪ್ಪತ್ತು ನಿಮಿಷ



ಕೆಲಸ ಮುಗಿಸಿ, 101ರ ಟ್ರಾಫಿಕ್ ದಾಟಿ ಗಿಲ್‌ರಾಯ್ ತಲುಪುವಷ್ಟರಲ್ಲಿ ಮಗಳ ಸಾಕರ್ ಪ್ರಾಕ್ಟೀಸ್ ಶುರುವಾಗಿರುತ್ತದೆ. "ಹೋದದ್ದು ವಾರ್ಮ್‌ಅಪ್ ತಾನೇ, ಆಟ ಸಿಕ್ಕಿತಲ್ಲ" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಇದು ತಪ್ಪು ಲೆಕ್ಕ. ಹೆಣ್ಣುಮಕ್ಕಳ ವಿಷಯದಲ್ಲಂತೂ ದೊಡ್ಡ ತಪ್ಪು.

ಮಂಡಿಯೊಳಗೆ ಮೇಲಿನ, ಕೆಳಗಿನ ಮೂಳೆಗಳನ್ನು ಹಿಡಿದಿಡುವ ಎ.ಸಿ.ಎಲ್. ಎಂಬ ಗಟ್ಟಿ ಪಟ್ಟಿಯೊಂದಿದೆ. ಸಾಕರ್, ಬಾಸ್ಕೆಟ್‌ಬಾಲ್ ಆಟಗಳಲ್ಲಿ ಅದು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು-ಮೂರು ಪಟ್ಟು ಹೆಚ್ಚು. ಬಹಳಷ್ಟು ಸಲ ಯಾರೂ ಡಿಕ್ಕಿ ಹೊಡೆದಿರುವುದಿಲ್ಲ. ಜಿಗಿದು ಇಳಿಯುವಾಗಲೋ ಓಡುತ್ತಾ ತಟ್ಟನೆ ತಿರುಗುವಾಗಲೋ ಸಮತೋಲ ತಪ್ಪಿ ಮಂಡಿ ಒಳಕ್ಕೆ ವಾಲುತ್ತದೆ, ಅಷ್ಟೇ. ಹತ್ತು-ಹನ್ನೆರಡು ವಯಸ್ಸಿನ ನಂತರ ಹುಡುಗಿಯರ ಎತ್ತರ, ತೂಕ ಬೇಗ ಬೆಳೆಯುತ್ತವೆ. ಸೊಂಟ ಮತ್ತು ತೊಡೆಯ ಹಿಂಭಾಗದ ಬಲ ಅದೇ ವೇಗದಲ್ಲಿ ಬೆಳೆಯುವುದಿಲ್ಲ. ಆಪರೇಷನ್ ಆದರೆ ಮತ್ತೆ ಆಟಕ್ಕಿಳಿಯಲು ಒಂಬತ್ತು ತಿಂಗಳಾದರೂ ಬೇಕು.

ನಮ್ಮ ಪಕ್ಕದ ಸ್ಯಾನ್ ಹೋಸೆಯ ಬ್ರ್ಯಾಂಡಿ ಚಾಸ್ಟೇನ್ ಗೊತ್ತಲ್ಲ? 1999ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಪೆನಾಲ್ಟಿ ಹೊಡೆದವರು. ಬರ್ಕ್ಲಿಯಲ್ಲಿ ಓದುತ್ತಿದ್ದಾಗ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಗಿ, ಎರಡು ಸೀಸನ್ ಅವರು ಆಡಲೇ ಇಲ್ಲ.

"ಹಾಗಾದರೆ ಹೆಣ್ಣುಮಕ್ಕಳಿಗೆ ಈ ಆಟವೇ ಬೇಡ" ಎಂದು ಊರಿನಿಂದ ಅಜ್ಜಿ ಫೋನಿನಲ್ಲಿ ಹೇಳಬಹುದು. ನಾನು ಒಪ್ಪುವುದಿಲ್ಲ. ಮಂಡಿಗೆ ಪಾಠ ಕಲಿಸಬಹುದು. ನಮ್ಮದೇ ರಾಜ್ಯದ ದಕ್ಷಿಣ ಭಾಗದಲ್ಲಿ 14ರಿಂದ 18 ವರ್ಷದ ಸಾಕರ್ ಹುಡುಗಿಯರಿಗೆ ಮಾಮೂಲಿ ವಾರ್ಮ್‌ಅಪ್ ಬದಲು ಸುಮಾರು 20 ನಿಮಿಷದ ವ್ಯಾಯಾಮ ಮಾಡಿಸಿದರು. ಸ್ನಾಯುಬಲ, ಜಿಗಿತ, ಸಮತೋಲ ಎಲ್ಲವೂ ಅದರಲ್ಲಿತ್ತು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅದನ್ನು ಮಾಡದ ತಂಡಗಳಿಗೆ ಹೋಲಿಸಿದರೆ ಮೊದಲ ವರ್ಷ ಎ.ಸಿ.ಎಲ್. ಗಾಯಗಳು ಶೇ. 88ರಷ್ಟು ಕಡಿಮೆ. ಫಿಫಾದ '11+' ವ್ಯಾಯಾಮವೂ ಇಂಥದ್ದೇ. ಅದಕ್ಕೆ ಚೆಂಡು, ಮೈದಾನ ಇದ್ದರೆ ಸಾಕು.

ಮಕ್ಕಳೇ, ನಿಮ್ಮಲ್ಲಿ ಭರತನಾಟ್ಯ ಕಲಿಯುವವರಿಗೆ ಇದು ಹೊಸದೇನಲ್ಲ. ಅರೆಮಂಡಿಯಲ್ಲಿ ಕೂತಾಗ "ಮಂಡಿ ಒಳಗೆ ಬರಬಾರದು, ಪಾದದ ನೇರಕ್ಕಿರಲಿ" ಎಂದು ಟೀಚರ್ ಹೇಳುವುದಿಲ್ಲವೇ? ಜಿಗಿದು ಇಳಿಯುವಾಗಲೂ ಅದೇ ನಿಯಮ: ಮಂಡಿ ಬಾಗಿರಲಿ, ಬೆರಳುಗಳ ನೇರಕ್ಕಿರಲಿ, ಸದ್ದಾಗದಂತೆ ಇಳಿಯಿರಿ. ಕನ್ನಡಿಯ ಮುಂದೆ ನಿಂತು ಮಾಡಿ ನೋಡಿ. ಹಲ್ಲುಜ್ಜುವಾಗ ಒಂದೊಂದೇ ಕಾಲಿನ ಮೇಲೆ ನಿಲ್ಲಿ. ಅಮ್ಮ ಆಡುತ್ತಿದ್ದ ಕುಂಟೆಬಿಲ್ಲೆಯನ್ನು ಡ್ರೈವ್‌ವೇಯಲ್ಲಿ ಬರೆದು ಆಡಿ.

ಪೋಷಕರೇ, ಕೋಚ್‌ಗೆ ಒಂದು ಪ್ರಶ್ನೆ ಕೇಳಿ: "ವಾರ್ಮ್‌ಅಪ್‌ನಲ್ಲಿ ಜಿಗಿತ, ಸಮತೋಲದ ಅಭ್ಯಾಸ ಇದೆಯೇ?" ಮಂಡಿ ಊದಿದರೆ, ನೋವು ಉಳಿದರೆ "ಸರಿಹೋಗುತ್ತೆ ಬಿಡು" ಎನ್ನದೆ ಡಾಕ್ಟರಿಗೆ ತೋರಿಸಿ. ಮನೆಯಿಂದ ಸ್ವಲ್ಪ ಬೇಗ ಹೊರಡಿ. ಕನ್ನಡ ಶಾಲೆಗೆ ಐದು ನಿಮಿಷ ತಡವಾದರೆ ನಾವು ಕ್ಷಮಿಸುತ್ತೇವೆ. ವಾರ್ಮ್‌ಅಪ್‌ಗೆ ಮಾತ್ರ ತಡಮಾಡಬೇಡಿ.